ಪ್ಲೈವುಡ್ಡಿನ ಆಚೆ ಈಚೆ

ಮೈತ್ರಿಗೆ ಸುಮ್ಮನಿದ್ದು ಗೊತ್ತಿರಲಿಲ್ಲ. ಹನುಮಂತನಗರದ ಶಾಲೆಯೊಂದರಲ್ಲಿ ಹದಿನಾರು ವರ್ಷದಿಂದ ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದವಳು. ಮನೆಯಲ್ಲೂ ಅವಳ ಮಾತು ಕುಕ್ಕರಿನ ಕೂಗಿಗಿಂತ ಒಂದು ಮಟ್ಟ ಮೇಲೆಯೇ. ಈಗ ಆ ಗಂಟಲಿನಿಂದ ಬರುತ್ತಿದ್ದದ್ದು ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಸದ್ದು.

ಹತ್ತು ದಿನ ಪಿಸುಗುಟ್ಟಿಕೊಂಡೇ ಪಾಠ ಮಾಡಿದಳು, ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಅಂದುಕೊಂಡು. ಅತ್ತೆ ಅಂಜನಮ್ಮ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು. ಆದರೂ ಧ್ವನಿ ಇನ್ನಷ್ಟು ಕಟ್ಟಿತು. ಜಯನಗರದ ಡಾಕ್ಟರು ಪರೀಕ್ಷಿಸಿ, ಕಾಲಿಗೆ ಆಣಿ ಆಗುವ ಹಾಗೆ ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ ಎಂದರು.

"ಪಿಸುಗುಟ್ಟೋದೂ ಬೇಡ ಮೇಡಂ, ಅದೂ ಗಂಟಲಿಗೆ ಶ್ರಮಾನೇ. ಮೈಕ್ ಇಟ್ಕೊಂಡು ಮೆಲ್ಲಗೆ, ಕಮ್ಮಿ ಮಾತಾಡಿ. ಆರು ವಾರ ನೋಡೋಣ. ಕರಗ್ಲಿಲ್ಲ ಅಂದ್ರೆ ಆಪರೇಷನ್. ಆಮೇಲೆ ಪಾಠ ಮಾಡೋ ಅಂಥ ಧ್ವನಿ ಬಂದೇ ಬರುತ್ತೆ ಅಂತ ನಾನು ಹೇಳಲ್ಲ."

ಬಸ್ಸಿನಲ್ಲಿ ಇಳಿಯುವ ಸ್ಟಾಪಿನ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದಳು. ಕಂಡಕ್ಟರ್ ಓದಿ ನಕ್ಕ. "ಏನ್ ಮೇಡಂ, ಮೌನವ್ರತಾನಾ? ಎಲ್ರೂ ಹಿಂಗೇ ಇದ್ಬಿಟ್ರೆ ನನ್ ಡ್ಯೂಟಿ ಸಲೀಸು." ಇಳಿಯುವವರೆಗೂ ಮೈತ್ರಿಯ ಬೆರಳುಗಳು ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದವು.

ಸೊಂಟಕ್ಕೆ ಪುಟ್ಟ ಸ್ಪೀಕರು, ಕೆನ್ನೆಯ ಪಕ್ಕ ಮೈಕು. ಮೊದಲ ದಿನ ಕೊನೆಯ ಬೆಂಚಿನವರೂ ತಲೆಯೆತ್ತಿ ಕೇಳಿದರು. ಆದರೆ ಐದನೇ ಎ ಮತ್ತು ಬಿ ವಿಭಾಗಗಳ ನಡುವೆ ಇದ್ದದ್ದು ಬರೀ ಪ್ಲೈವುಡ್ಡಿನ ಅಡ್ಡಗೋಡೆ. ಆಚೆ ಗಣಿತ ಹೇಳಿಕೊಡುತ್ತಿದ್ದ ಸಮನ್ವಿತಾ ಕೆಲಸಕ್ಕೆ ಸೇರಿ ಎರಡು ವರ್ಷ. ಮೈಕಿನ ಸದ್ದು ಏರಿದಷ್ಟೂ ಅವಳು ಧ್ವನಿ ಏರಿಸಿದಳು. ಮೂರನೆಯ ದಿನ ಎಂಟರ ಮಗ್ಗಿಯ ನಡುವೆ ಅವಳ ಧ್ವನಿ ಬಿರಿಯಿತು. ಆ ಬಿರುಕು ಮೈತ್ರಿಗೆ ಗೊತ್ತು. ಅವಳದೂ ಹೀಗೆಯೇ ಶುರುವಾಗಿತ್ತು. ಸದ್ದು ತಗ್ಗಿಸಿದರೆ ಮೈತ್ರಿಯೇ ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತು. ಏರಿಸಿದರೆ ಆಚೆ ಕೆಮ್ಮು. ದಿನವಿಡೀ ಅವಳ ಕೈ ಸ್ಪೀಕರಿನ ತಿರುಪಿನ ಮೇಲೆಯೇ ಇತ್ತು.

ಮಧ್ಯಾಹ್ನ ಸಮನ್ವಿತಾ ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಾ ನಕ್ಕಳು. ನಗುವಿನಲ್ಲಿ ಅರ್ಧ ಬರೀ ಗಾಳಿ.

"ನಾನ್ ಕಿರುಚ್ಲಿಲ್ಲ ಅಂದ್ರೆ ನಮ್ ಮಕ್ಕಳು ಲೆಕ್ಕದ ಪುಸ್ತಕದಲ್ಲಿ ನಿಮ್ ಪದ್ಯ ಬರೀತಾರೆ ಮಿಸ್."

ಮೈತ್ರಿಗೆ ನಗು ಬರಲಿಲ್ಲ. ನೋಟ್‌ಬುಕ್ ಹಿಡಿದು ಹೆಡ್‌ಮಾಸ್ಟರ್ ಹನುಮಯ್ಯನವರ ಕೋಣೆಗೆ ಹೋದಳು. ಪ್ಲೈವುಡ್ ತೆಗೆಸಿ, ಒಂದೇ ಮೈಕಿನಲ್ಲಿ ಎರಡೂ ವಿಭಾಗಕ್ಕೆ ಒಬ್ಬರಾದ ಮೇಲೆ ಒಬ್ಬರು ಪಾಠ ಮಾಡುತ್ತೇವೆ ಎಂದು ಬರೆದಳು. ಎಪ್ಪತ್ನಾಲ್ಕು ಮಕ್ಕಳನ್ನು ಯಾರು ಹಿಡಿಯುತ್ತಾರೆ ಎಂದು ಅವರು ಕೇಳಿದರು. "ಇಬ್ಬರು" ಎಂದು ಬರೆದಳು. ಅವರು ಒಂದು ವಾರ ಮಾಡಿ ನೋಡಿ ಎಂದರು.

ಸೋಮವಾರ ಪ್ಲೈವುಡ್ ಹಲಗೆಗಳು ಜಗಲಿಯ ಗೋಡೆಗೆ ಒರಗಿದ್ದವು. ಮೊದಲ ಪೀರಿಯಡ್ ಗಣಿತ; ಮೈಕು ಸಮನ್ವಿತಾಳ ಕೆನ್ನೆಯ ಪಕ್ಕ. ಅವಳು ಕಿರುಚಲಿಲ್ಲ. ಮೈತ್ರಿ ಬೆಂಚುಗಳ ನಡುವೆ ಓಡಾಡಿದಳು. ಇಂಚರ ಎಂಬ ಹುಡುಗಿ ಎಂಟೇಳಲಿ ಐವತ್ನಾಲ್ಕು ಎಂದು ಬರೆದಿದ್ದಳು. ಮೈತ್ರಿಯ ಬಾಯಿ ತೆರೆದುಕೊಂಡಿತು. ಮುಚ್ಚಿ, ಆ ಅಂಕಿಯ ಮೇಲೆ ಬೆರಳಿಟ್ಟಳು. ಹುಡುಗಿ ತಲೆಯೆತ್ತಿ ನೋಡಿ ಅಳಿಸಿದಳು.

ಡಾಕ್ಟರು ಮತ್ತೆ ನೋಡುವುದಕ್ಕೆ ಇನ್ನೂ ಐದು ವಾರ. ಗಂಟೆ ಹೊಡೆಯುವುದಕ್ಕೆ ಮೂವತ್ತು ನಿಮಿಷ. ಮೈತ್ರಿ ಕೊನೆಯ ಬೆಂಚಿನವರೆಗೂ ಹೋಗಿ, ತಿರುಗಿ, ಮತ್ತೆ ಮೊದಲ ಬೆಂಚಿನಿಂದ ನಡೆಯತೊಡಗಿದಳು.