ಬಕೆಟ್‌ಗೆ ಇಳಿದದ್ದು ಯಾವ ಎಣ್ಣೆ?

"ಕೀಲಿ ತಿರುವಬ್ಯಾಡ್ರಿ ಸರ!" ಎಂದು ಕೂಗುತ್ತ ಪಕ್ಕದ ಗ್ಯಾರೇಜಿನ ಖಾದರಸಾಬರು ನಮ್ಮ ಅಂಗಳಕ್ಕೆ ಓಡಿ ಬಂದರು.

ಅದು ತೊಂಬತ್ತರ ದಶಕದ ರಾಣೆಬೆನ್ನೂರು. ಹಾವೇರಿಯಲ್ಲಿ ಭಾವಮೈದುನನ ಮದುವೆ. ರೇಷ್ಮೆ ಸೀರೆಯುಟ್ಟ ಹೆಂಡತಿ ಆಗಲೇ ನಮ್ಮ ಹಳೆಯ ಅಂಬಾಸಿಡರಿನಲ್ಲಿ ಕುಳಿತಿದ್ದಳು. ಗೇರು ಕಿರುಗುಟ್ಟುತ್ತಿದೆ, ಎಣ್ಣೆ ಬದಲಿಸುವ ಹೊತ್ತಾಯಿತು ಎಂದು ಬೆಳಗ್ಗೆ ನಾನೇ ಕಾರಿನಡಿ ತೂರಿ, ನಟ್ಟು ಬಿಚ್ಚಿ, ಹಳೆಯದನ್ನೆಲ್ಲ ಬಕೆಟ್‌ಗೆ ಇಳಿಸಿದ್ದೆ. ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಹೋದರೆ ಎರಡು ಚಮಚಕ್ಕೇ ತುಂಬಿ ಹೊರಚೆಲ್ಲಿತು. ಎಷ್ಟೊಂದು ಉಳಿತಾಯ ಎಂದು ಹಿಗ್ಗಿದ್ದೆ.

ಕಾಂಪೌಂಡಿನಾಚೆಯಿಂದ ಆ ಬಕೆಟ್ ಕಂಡೇ ಖಾದರಸಾಬರು ಓಡಿ ಬಂದಿದ್ದರು. ಬೆರಳದ್ದಿ ತೋರಿಸಿದರು; ಎಣ್ಣೆ ತೆಳ್ಳಗೆ ಹರಿದಿಳಿಯಿತು. "ಗೇರಿನ ಎಣ್ಣಿ ಕಾಕಂಬಿಗತೆ ದಪ್ಪ ಇರತೈತ್ರಿ. ನೀವು ತಗದದ್ದು ಇಂಜಿನ್ನಿಂದು! ಎಣ್ಣಿ ಇಲ್ದ ಚಾಲೂ ಮಾಡಿದ್ರ ಇಂಜಿನ್ ಜಾಮ್ ಆಗಿ ಹಿಡಕೊಂಡ ಬಿಡ್ತಿತ್ತು."

ಹೆಂಡತಿ ಕೆಳಗಿಳಿದು ಬಸ್ ನಿಲ್ದಾಣದತ್ತ ಹೊರಟಳು. ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳುತ್ತ ನಾನೂ ಹಿಂದೆ ಓಡಿದೆ.

ಮರುವಾರ ಖಾದರಸಾಬರು ನನ್ನ ಪಕ್ಕದಲ್ಲೇ ಕಾರಿನಡಿ ಮಲಗಿ, ಇಂಜಿನ್ನು, ಗೇರು ಎರಡರ ನಟ್ಟುಗಳನ್ನೂ ಮುಟ್ಟಿಸಿ ಕಲಿಸಿದರು. ಈಗ ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಆದರೂ ನಾನು ಕಾರಿನಡಿ ತೂರಿದರೆ ಸಾಕು, ಹೆಂಡತಿ ಎದುರು ಮನೆಯವರ ಬಳಿ ಬಸ್ಸಿನ ವೇಳೆ ವಿಚಾರಿಸುತ್ತಾಳೆ.