ಕಂಬಳಿಯ ಮೇಲೆ ಕೂತು ಕೊಟ್ಟ ಪರೀಕ್ಷೆ

ಮ್ಯಾಂಚೆಸ್ಟರಿನಲ್ಲಿ ಕಾಲೇಜಿನ ಮೊದಲ ದಿನ ನಮ್ಮ ಪ್ರೊಫೆಸರಮ್ಮ ಸೀದಾ ನನ್ನ ಹತ್ತಿರ ಬಂದು, ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ನಿಂತುಬಿಟ್ಟರು. ಅರವತ್ತಮೂರು ವರ್ಷ ರಾಣೆಬೆನ್ನೂರಿನಲ್ಲಿ ಮರ್ಯಾದೆಯಿಂದ ಬಾಳಿದ ಮನುಷ್ಯ ನಾನು. ಕಣ್ಣು ಮುಚ್ಚಬೇಕೋ ತೆರೆದಿರಬೇಕೋ ತಿಳಿಯದೆ ಉಸಿರು ಬಿಗಿಹಿಡಿದೆ. "ಉಸಿರಾಡಿ, ಇದು ಇರುವುದೇ ಅದಕ್ಕೆ" ಎಂದರು. ಅವರ ಹೆಸರು ಮೆರೆ, ನ್ಯೂಜಿಲೆಂಡಿನ ಮಾವೊರಿ ಜನ. ಅವರಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಈ ಪದ್ಧತಿಗೆ ಹೊಂಗಿ ಎನ್ನುತ್ತಾರೆ. ಉಸಿರು ಹಂಚಿಕೊಂಡ ಮೇಲೆ ಬಂದವನು ಪರಕೀಯನಲ್ಲ.

ಮನೆಗೆ ಹೋಗಿ ಹೆಂಡತಿ ಗಂಗವ್ವನ ಮುಂದೆ ಜಂಬ ಕೊಚ್ಚಿದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಮುಂಜಾನೆ ಹಸೇ ಉಳ್ಳಾಗಡ್ಡಿ ತಿಂದು ಹೋಗಿದ್ರಿ. ಪಾಪ, ಆಕಿ ಬದುಕಿ ಅದಾಳೇನ್ರಿ?"

ಈ ವಯಸ್ಸಿನಲ್ಲಿ ಕಾಲೇಜು ಯಾಕೆ ಎಂದು ನೀವು ಕೇಳುತ್ತೀರಿ. ನಮ್ಮ ಒಬ್ಬಳೇ ಮಗಳು ಸುಧಾ ಇಲ್ಲಿ ಜಿಪಿ, ಅಂದರೆ ಬಡಾವಣೆಯ ಮನೆ ಡಾಕ್ಟರು. ಅಪ್ಪ ಅಮ್ಮ ಅತಿಥಿಗಳಾಗಿ ಬಂದು ಹೋಗಬಹುದು, ನೆಲೆ ನಿಲ್ಲುವುದು ಬಹಳ ಕಷ್ಟ. ಆದರೆ ಎಂ.ಎಸ್‌ಸಿ. ಓದುವ ವಿದ್ಯಾರ್ಥಿ ಒಂದು ವರ್ಷ ಹೆಂಡತಿಯನ್ನೂ ಜೊತೆಗಿಟ್ಟುಕೊಳ್ಳಬಹುದು. ಈ ಸಂದನ್ನು ಕಂಡುಹಿಡಿದವನು ಯಾವ ವಕೀಲನೂ ಅಲ್ಲ, ನಾನೇ. ಹಳೆಯ ಬಿ.ಕಾಂ. ಇತ್ತು, ಮೂವತ್ತು ವರ್ಷ ಕಂಬಳಿ ಅಂಗಡಿ ನಡೆಸಿದ ಅನುಭವವಿತ್ತು. ಸಿಕ್ಕ ಕೋರ್ಸಿನ ಹೆಸರು ಇಂಡಿಜಿನಸ್ ಬಿಸಿನೆಸ್. ಮಾವೊರಿಗಳು, ಕೆನಡಾದ ಮೂಲನಿವಾಸಿಗಳು, ಆಸ್ಟ್ರೇಲಿಯಾದ ಆದಿವಾಸಿಗಳು ತಮ್ಮ ನೆಲ, ಕುರಿ, ಕುಸುರಿಯನ್ನು ಬಿಟ್ಟುಕೊಡದೆ ವ್ಯಾಪಾರ ಮಾಡುವ ಬಗೆ. ಬೇರೆ ಬಿಸಿನೆಸ್ ತರಗತಿಗಳಲ್ಲಿ ಮೊದಲ ಪ್ರಶ್ನೆ ಲಾಭ ಎಷ್ಟು ಎಂಬುದು. ಇಲ್ಲಿ, ಇದು ಯಾರದು ಎಂಬುದು. ಎಲ್ಲರೂ ಕೂತು ಒಪ್ಪುವತನಕ ಏನನ್ನೂ ಮಾಡುವಂತಿಲ್ಲ. ಇಪ್ಪತ್ತೆರಡರ ಹುಡುಗರು ಇದನ್ನು ಬೆರಗಿನಿಂದ ಬರೆದುಕೊಳ್ಳುತ್ತಿದ್ದರು. ಊರಿನ ಪಂಚಾಯ್ತಿ ಕಟ್ಟೆಯ ಮೇಲೆ ಇದನ್ನೇ ಕಂಡು ಬೆಳೆದ ನಾನು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದೆ.

ಮಗಳ ಮನೆ ಫಾಲೋಫೀಲ್ಡಿನಲ್ಲಿ. ಸುತ್ತ ಬರೀ ವಿದ್ಯಾರ್ಥಿಗಳು. ಅವರ ಗದ್ದಲಕ್ಕೆ ಊರೇ ಬೈಯುತ್ತದೆ, ಅಂಥವರು ನಮ್ಮ ಮನೆಯ ಬಾಗಿಲು ತಟ್ಟಿ, ಬೆಳಗಾಗೆದ್ದು ಇದೇನು ಬಡಿತ ಎಂದು ಕೇಳಿದರು. ಗಂಗವ್ವ ಒಬ್ಬೊಬ್ಬರ ಕೈಗೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು. ಆಮೇಲೆ ಬಡಿತ ಕೇಳಿಸದ ದಿನ ಬಂದು ವಿಚಾರಿಸುವಂತಾದರು.

ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ನಮ್ಮದು. ಇಲ್ಲಿ ಒಮ್ಮೆ ಮುಂದಿನ ಸೀಟಿಗೆ ಟವೆಲ್ ಹಾಕಿ ಗಂಗವ್ವನನ್ನು ಕರೆತರಲು ಇಳಿದೆ. ಅಷ್ಟರಲ್ಲಿ ಒಬ್ಬ ಹುಡುಗಿ, ಪಾಪ ಯಾರೋ ಮರೆತುಹೋಗಿದ್ದಾರೆಂದು ಅದನ್ನು ಡ್ರೈವರಿಗೆ ಒಪ್ಪಿಸಿದ್ದಳು. ಎಲ್ಲರೂ "ಯು ಆಲ್‌ರೈಟ್?" ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ನಾನು ಅಂಚೆಯವನನ್ನು ತಡೆದು ನನ್ನ ಮೊಣಕಾಲಿನ ಕಥೆಯನ್ನು ಪೂರ್ತಿ ಹೇಳಿದೆ, ಸೋನೆಮಳೆಯಲ್ಲಿ. ಈಗ ಅವನೇ ನಿಂತು ಮೊಣಕಾಲು ಹೇಗಿದೆ ಎಂದು ಕೇಳುತ್ತಾನೆ. ಇಡೀ ಬೀದಿಯಲ್ಲಿ ಈ ಗೌರವ ನನಗೊಬ್ಬನಿಗೇ.

ಆದರೂ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾದಾಗ ಗಂಗವ್ವ ಕಿಟಕಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. "ಊರಿಗೆ ಹೋಗೂಣು ನಡೀರಿ" ಎನ್ನುವಳು. ಆರು ಗಂಟೆಗೆ ಮಗಳು ಬಂದರೆ ಆ ಮಾತು ಮರೆತುಹೋಗುತ್ತಿತ್ತು. ಸುಧಾ ಹತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದವಳು. ಆಮೇಲೆ ಓದು, ನೌಕರಿ, ಮದುವೆ. ಅಂದಿನಿಂದ ಅವಳೊಂದಿಗೆ ಒಂದು ವರ್ಷ ಪೂರ್ತಿ ಒಂದೇ ಸೂರಿನಡಿ ಇದ್ದದ್ದು ಈಗಲೇ. ದೊಡ್ಡ ಡಾಕ್ಟರು ಕೋಟು ಕೂಡ ತೆಗೆಯದೆ ಅಡುಗೆಮನೆಯ ನೆಲದ ಮೇಲೆ ಅವ್ವನ ಪಕ್ಕ ಕೂತುಬಿಡುತ್ತಿದ್ದಳು.

ವರ್ಷ ಮುಗಿಯುತ್ತ ಬಂತು. ಯುರೋಪಿನ ಜೊತೆ ಇರಬೇಕೋ ಹೊರಡಬೇಕೋ ಎಂದು ಈ ದೇಶ ಮನೆಮನೆಯಲ್ಲಿ ಜಗಳವಾಡುತ್ತಿದ್ದಾಗ ನಮ್ಮ ಮನೆಯಲ್ಲೂ ಅದೇ ಪ್ರಶ್ನೆ. ಒಂದು ದಾರಿಯಿತ್ತು. ಕೊನೆಯ ಪರೀಕ್ಷೆಯಲ್ಲಿ, ಇಲ್ಲಿದ್ದೇ ನಡೆಸುವ ಒಳ್ಳೆಯ ವ್ಯಾಪಾರದ ಯೋಜನೆ ತೋರಿಸಿದವರಿಗೆ ವಿಶ್ವವಿದ್ಯಾಲಯ ಶಿಫಾರಸು ಕೊಟ್ಟರೆ ಇನ್ನೊಂದು ವರ್ಷ ಇರಬಹುದು. ನನ್ನ ಯೋಜನೆ ಸಿದ್ಧವಿತ್ತು: ಊರಿನಲ್ಲಿ ನೇಯ್ಗೆ, ಮ್ಯಾಂಚೆಸ್ಟರಿನಲ್ಲಿ ಕಚೇರಿ, ಬಿಳಿಯರ ಚಳಿಗೆ ನಮ್ಮ ಕರಿ ಕಂಬಳಿ.

ಪರೀಕ್ಷೆಯ ದಿನ ಮನೆಯವರೂ ಬಂದು ನೋಡಬಹುದಿತ್ತು. ಸುಧಾ ರಜೆ ಹಾಕಿ ಅವ್ವನನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂತಳು. ಬೇರೆ ಹುಡುಗರು ಪರದೆಯ ಮೇಲೆ ಚಿತ್ರ ತೋರಿಸಿದರೆ ನಾನು ತಲೆಗೆ ಪಟಕಾ ಸುತ್ತಿ, ಊರಿನಿಂದ ತಂದ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ಹಾಸಿದ ಕಂಬಳಿ ನಮಗೆ ಕುರಿಗಾರರ ದೇವರಾದ ಬೀರಪ್ಪನ ಗದ್ದುಗೆ. ನಮ್ಮ ನ್ಯಾಯ ತೀರುವುದು ಇದರ ಮೇಲೆಯೇ. ಕೂತವನು ಸುಳ್ಳಾಡುವಂತಿಲ್ಲ" ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. ಮಾತು ನಿಜವೇ, ಆದರೆ ನಾನು ಹೇಳಿದ್ದು ದೌಲತ್ತಿಗೆ.

ಮೆರೆ ಎದ್ದು ಬಂದರು. ಬೂಟು ಕಳಚಿ, ಕಂಬಳಿಗೆ ಕಾಲು ತಾಗದಂತೆ ನನ್ನೆದುರು ನೆಲದ ಮೇಲೆ ಕೂತರು.

"ಹಾಗಿದ್ದರೆ ಇಲ್ಲೇ ಕೇಳುತ್ತೇನೆ. ಮ್ಯಾಂಚೆಸ್ಟರಿನಲ್ಲಿ ಕಚೇರಿ ಬೇಕು ಎಂದವರು ಯಾರು? ನೂಲುವವರೋ, ನೇಯುವವರೋ?"

ಎಲ್ಲರೂ ಕೂತು ಒಪ್ಪಿದ್ದಾರೆ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಿಜವೆಂದರೆ ಫೋನಿನಲ್ಲಿ ನಾನು ಅವರಿಗೆ ಹೇಳಿದ್ದು, ನೀವು ಸುಮ್ಮನಿರಿ, ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ. ಬಾಯಿ ತೆರೆದೆ. ಹಿಂದಿನ ಸಾಲಿನಿಂದ ಗಂಗವ್ವನ ದನಿ ಬಂತು. ಅವಳಿಗೆ ಇಂಗ್ಲಿಷ್ ಗೊತ್ತಿಲ್ಲ, ನಾನು ಗೊತ್ತು.

"ರೀ, ನೋಡ್ಕೊಂಡು ಮಾತಾಡ್ರಿ. ಗದ್ದಿಗಿ ಮ್ಯಾಲ ಕುಂತೀರಿ."

ಆಕೆ ಕುರಿಗಾರರ ಮನೆಯ ಮಗಳು. ಕಂಬಳಿ ಮ್ಯಾಂಚೆಸ್ಟರಿನಲ್ಲಿದ್ದರೇನು, ರಾಣೆಬೆನ್ನೂರಿನಲ್ಲಿದ್ದರೇನು? ನಾಲಿಗೆಯ ತುದಿಯ ಉತ್ತರವನ್ನು ನುಂಗಿಕೊಂಡೆ.

"ಯಾರೂ ಕೇಳಿಲ್ಲ" ಎಂದೆ. "ಅವರ ವ್ಯಾಪಾರ ಅವರಿರುವಲ್ಲೇ ಇರಬೇಕು. ಕಚೇರಿ ಬೇಕಾದದ್ದು ನನಗೆ. ನನ್ನ ಮಗಳು ಇಲ್ಲಿದ್ದಾಳೆ."

ಮೆರೆ ಕಣ್ಣು ಒರೆಸಿಕೊಂಡರು. "ನಾನು ಕಲಿಸಿದ್ದನ್ನು ನೀವು ನಿಜವಾಗಿ ಕಲಿತಿರಿ. ಅದಕ್ಕೇ ಶಿಫಾರಸು ಕೊಡಲಾರೆ" ಎಂದರು. ಅಂಕಗಳಲ್ಲಿ ನಾನೇ ತರಗತಿಗೆ ಮೊದಲಿಗ, ಇದನ್ನು ಊರಿನಲ್ಲಿ ಎಲ್ಲರಿಗೂ ತಿಳಿಸಿರಿ.

ಹೊರಗೆ ಬಸ್ ಸ್ಟಾಪಿನಲ್ಲಿ ಸುಧಾ ನನ್ನ ಕಡೆ ತಿರುಗಿದಳು.

"ಅಪ್ಪಾ, ನಾ ಸಣ್ಣಾಕಿದ್ದಾಗಿಂದ ಬರೀ ಸುಳ್ಳು ಹೇಳ್ಕೋತ ಬಂದೀಯಲ್ಲ. ಹಾಸ್ಟೆಲ್‌ನ್ಯಾಗ ಬಿಟ್ಟು ಹೋಗುವಾಗೆಲ್ಲಾ 'ನಾಳಿಗೇ ಬರ್ತೀನಿ' ಅಂತಿದ್ದಿ. ನನ್ನ ಸಲುವಾಗಿ ಇನ್ನೊಂದು ಹೇಳಾಕ ಬರ್ಲಿಲ್ಲೇನು?"

ನಕ್ಕಳು, ಅತ್ತಳು, ನನ್ನ ಪಟಕಾ ಸರಿಮಾಡಿದಳು. ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅವರಿಗೇನ್ ಅನಬ್ಯಾಡವಾ, ಬಾಯಿ ಕಟ್ಟಿದಾಕಿ ನಾನು" ಎಂದಳು. ವರ್ಷವೆಲ್ಲ ಊರು ಊರು ಎಂದವಳು ಅವಳೇ.

ಮುಂದಿನ ತಿಂಗಳು ಹೊರಡುತ್ತೇವೆ. ನಿನ್ನೆ ಮಧ್ಯಾಹ್ನ ಬಸ್ಸಿನಲ್ಲಿದ್ದಾಗ, ನಮಗೆ ಉಣ್ಣೆ ನೂತು ಕೊಡುವ ನೀಲವ್ವ ಊರಿನಿಂದ ಫೋನ್ ಮಾಡಿದಳು. ಕಂಬಳಿ ವ್ಯಾಪಾರದ ಮಾತಿಗೆ ನೀವು ಬಂದ ಮೇಲೆಯೇ ಎಲ್ಲರೂ ಕೂಡುವುದು, ಅಲ್ಲಿಯತನಕ ಏನೂ ಗೊತ್ತುಮಾಡುವುದಿಲ್ಲ ಎಂದಳು. ನನಗೆ ಎದೆ ಉಬ್ಬಿತು. ಗದ್ದಲದಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

"ನೀಲವ್ವ, ಈಗ ಮನಿಗೆ ಹೊಂಟೀನಿ, ಮುಟ್ಟಿದ ಮ್ಯಾಲ ಮಾತಾಡ್ತೀನಿ" ಎಂದೆ.

"ಯಾವ ಮನಿಗ್ರೀ ಅಣ್ಣಾರ? ನಾ ನಿಮ್ಮ ಮನಿ ಮುಂದನ ನಿಂತೀನಿ. ಕೀಲಿ ಹಾಕೈತಿ."

ಅಷ್ಟರಲ್ಲಿ ಫಾಲೋಫೀಲ್ಡಿನ ಸ್ಟಾಪು ಬಂತು. ಬೆಲ್ ಒತ್ತಿ ಎದ್ದು ನಿಂತೆ.