ದೆವ್ವಕ್ಕನ ಬಾಗಿಲಿಗೆ ಎಣ್ಣೆ ಹಾಕಬಾರದು

ಈಗಷ್ಟೇ ಬೆಳಕು ಹರಿಯುತ್ತಿದೆ. ಮಾಲ್‌ನ ಎಸ್ಕಲೇಟರ್ ಇನ್ನೂ ಎದ್ದಿಲ್ಲ. ನಿಂತ ಎಸ್ಕಲೇಟರನ್ನೇ ಮೆಟ್ಟಿಲು ಮಾಡಿಕೊಂಡು, ಏದುಸಿರು ಬಿಡುತ್ತಾ ನಾನು ಮೂರನೇ ಮಹಡಿಗೆ ಹತ್ತಿ ಬಂದಿದ್ದೇನೆ. ಚಪ್ಪಲಿ ಅಂಗಡಿಗೂ ಮಕ್ಕಳ ಆಟದ ಜಾಗಕ್ಕೂ ನಡುವೆ ಕಪ್ಪು ಪರದೆ ಇಳಿಬಿಟ್ಟಿರುವುದೇ ಭೂತಬಂಗಲೆ. ಒಳಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಹಳೆಯ ಮರದ ಬಾಗಿಲೊಂದನ್ನು ಗೇಣಗಲ ತೆರೆಯುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಕಿವಿ ಬಾಗಿಲಿಗೇ ಅಂಟಿಕೊಂಡಿದೆ. ಪಕ್ಕದಲ್ಲಿ ಅವರ ಗಂಡ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ.

"ಇನ್ನೂ ನುಣ್ಣಗೇ ಬರ್ತಿದೆ ಕಣ್ರೀ. ಇನ್ನೊಂದ್ಸಲ ಕೀಲು ಒರೆಸಿ."

"ಒರೆಸಿ ಒರೆಸಿ ಕೈ ಬಿದ್ದೋಯ್ತು. ಇನ್ನು ಒರೆಸಿದ್ರೆ ಕಬ್ಬಿಣಾನೇ ಸವೆದುಹೋಗತ್ತೆ."

"ಸವೀಲಿ ಬಿಡಿ. ಸದ್ದು ಬರ್ಬೇಕಷ್ಟೆ."

ಇವರೇ ದೆವ್ವಕ್ಕ. ಈ ಭೂತಬಂಗಲೆಯ ಅಡುಗೆಮನೆಯಲ್ಲಿ ದೆವ್ವವಾಗಿ ಕೆಲಸ ಮಾಡುತ್ತಾ ಅರ್ಧ ಆಯಸ್ಸು ಕಳೆದವರು. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲವಂತೆ. ಗಂಡ ಇದೇ ಬಂಗಲೆಯ ಬಡಗಿ. ಒಳಗಿನ ಬಾಗಿಲು, ಕಪಾಟು, ಮುರುಕು ಮಂಚ, ಶವಪೆಟ್ಟಿಗೆ ಎಲ್ಲ ಅವರ ಕೈಯವೇ. ಮಾತಿಗೆ ಮೊದಲೇ ಅವರು ನನಗೊಂದು ಷರತ್ತು ಹಾಕುತ್ತಾರೆ.

"ಪೇಪರಲ್ಲಿ ಬರೀವಾಗ ಉಳಿದಿದ್ದೆಲ್ಲ ನಾನು ಮಾಡಿದ್ದು ಅಂತ ಹಾಕಿ. ಈ ಬಾಗಿಲು ಮಾತ್ರ ಬೇಡ. ಕಿರ್ರೋ ಅನ್ನೋ ಬಾಗಿಲು ಮಾಡ್ದೋನು ಅಂದ್ರೆ ನಾಳೆ ನಂಗೆ ಯಾರು ಕೆಲಸ ಕೊಡ್ತಾರೆ? ಮರ್ಯಾದೆ ಪ್ರಶ್ನೆ."

ಹೆಂಡತಿ ಕಣ್ಣಲ್ಲೇ ನಗುತ್ತಾರೆ. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇವತ್ತು ಭಾನುವಾರ. ಮಧ್ಯಾಹ್ನ ಯಜಮಾನರು ಖುದ್ದಾಗಿ ಬಂಗಲೆಯೊಳಗೆ ನಡೆದು ನೋಡುತ್ತಾರೆ. ಅಡುಗೆಮನೆಯಲ್ಲಿ ಜನ ಹೆದರಿದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ಅಲ್ಲಿಗೆ ಕರೆಂಟಿನ ಗೊಂಬೆ ಬರುತ್ತದೆ. ದೆವ್ವಕ್ಕ ಟಿಕೆಟ್ ಹರಿಯುವ ಬಾಗಿಲಿಗೆ ಹೋಗಬೇಕು.

ಹಳೆಯ ಭೂತಬಂಗಲೆ ನನಗೆ ಚೆನ್ನಾಗಿ ಗೊತ್ತು. ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರಲ್ಲಿತ್ತು. ನನ್ನ ಹತ್ತನೇ ವಯಸ್ಸಿನಲ್ಲಿ ಅಕ್ಕ ಕರೆದುಕೊಂಡು ಹೋಗಿದ್ದಳು, ಧೈರ್ಯ ಹೇಳಲು. ಒಳಗೆ ಹೋದಮೇಲೆ ಅವಳೇ ನನ್ನ ತೋಳು ಹಿಡಿದು ನೇತಾಡಿದಳು. ಅವಳ ಉಗುರಿನ ಗುರುತು ವಾರಗಟ್ಟಲೆ ಇತ್ತು. ಮೊಳದಗಲದ ಗೋಡೆ, ಚಪ್ಪಲಿಯೊಳಗಿಂದಲೇ ಹತ್ತುವ ನೆಲದ ಥಂಡಿ, ಎಲ್ಲೋ ತೊಟ್ಟಿಕ್ಕುವ ನೀರು. ಹೊರಗೆ ಸಾಲಿನಲ್ಲಿ ನಿಂತವರಿಗೆ ಒಳಗಿನ ಕಿರುಚಾಟ ಕೇಳುತ್ತಿತ್ತು. ಅರ್ಧ ಜನ ಬಂಗಲೆ ನೋಡುವ ಮೊದಲೇ ಬೆವರುತ್ತಿದ್ದರು. ರಸ್ತೆ ಅಗಲ ಮಾಡಲು ಆ ಫ್ಯಾಕ್ಟರಿ ಕೆಡವಿದರು. ಬಂಗಲೆ ಗಂಟುಮೂಟೆ ಕಟ್ಟಿಕೊಂಡು ಮಾಲ್ ಹತ್ತಿತು.

ಹೊಸ ಜಾಗದಲ್ಲಿ ಥಂಡಿಯೇನೋ ಇದೆ, ಆದರೆ ಅದು ಎ.ಸಿ.ಯದು. ಪಕ್ಕದಿಂದ ಪಾಪ್‌ಕಾರ್ನ್ ವಾಸನೆ ಬರುತ್ತದೆ. ಸಾಲಿನಲ್ಲಿ ನಿಲ್ಲುವವರಿಗೆ ಮೆತ್ತನೆ ಕುರ್ಚಿ. ಮೆತ್ತನೆ ಕುರ್ಚಿಯಲ್ಲಿ ಕೂತು ಯಾರಾದರೂ ಹೆದರುತ್ತಾರೆಯೇ ಎಂದು ನಾನು ಮೂಗು ಮುರಿದರೆ ದೆವ್ವಕ್ಕ ಒಪ್ಪುವುದಿಲ್ಲ.

"ನಿಮಗೆ ಹಳೇದು ಚೆಂದ, ಯಾಕಂದ್ರೆ ನೀವು ಒಂದ್ಸಲ ಬಂದು ಕಿರುಚಿ ಹೋದ್ರಿ. ನಾವು ದಿನಾ ಇದ್ವಲ್ಲ! ಅಲ್ಲಿ ದೆವ್ವಗಳಿಗೆ ಒಂದು ಬಾತ್‌ರೂಮೂ ಇರ್ಲಿಲ್ಲ ತಾಯಿ. ಇಲ್ಲಿ ಕೂತ್ಕೊಳ್ಳೋಕೆ ರೂಮಿದೆ, ಫ್ಯಾನಿದೆ, ಕುಡಿಯೋಕೆ ನೀರಿದೆ. ಹೊಸಾದನ್ನ ಬೈಬೇಡಿ."

ದೆವ್ವಕ್ಕ ಆ ಫ್ಯಾಕ್ಟರಿಗೆ ಮೊದಲು ಬಂದದ್ದು ಕಸ ಗುಡಿಸಲು. ಅಡುಗೆಮನೆಯ ಒಲೆಯ ಹಿಂದೆ ಕೂತು ಒಂದು ದಿನ ಗುಡಿಸುತ್ತಿದ್ದಾಗ, ಹೊತ್ತಿಗೆ ಮುಂಚೆಯೇ ಜನರನ್ನು ಒಳಗೆ ಬಿಟ್ಟರು. ಇವರು ಪೊರಕೆ ಹಿಡಿದು, ಕೆದರಿದ ಕೂದಲಲ್ಲಿ, "ಯಾರದು?" ಎಂದು ಮೆಲ್ಲಗೆ ಎದ್ದು ನಿಂತರು. ಬಂದವರು ಬಿದ್ದೆವೋ ಕೆಟ್ಟೆವೋ ಎಂದು ಓಡಿದರು. ಆಗಿನ ಯಜಮಾನರು, ಎಂದರೆ ಈಗಿನವರ ತಂದೆ, ಮರುದಿನವೇ ಪೊರಕೆ ಕಸಿದುಕೊಂಡು ಉದ್ದನೆಯ ಬೂದು ಅಂಗಿ ಕೊಟ್ಟರು. ಅದೇ ವರ್ಷ ಬಾಗಿಲು ಮಾಡಲು ಬಂದ ಬಡಗಿಯ ಜೊತೆ ಮದುವೆಯೂ ಕುದುರಿತು. "ದೆವ್ವದ ಮನೇಲಿ ಹೆಣ್ಣು ನೋಡಿದೋನು ನಾನೊಬ್ಬನೇ ಇರ್ಬೇಕು," ಎನ್ನುತ್ತಾರೆ ಬಡಗಿ.

ಹೆದರಿಸುವುದು ಎಂದರೆ "ಹೋ" ಎಂದು ಎದುರಿಗೆ ಹಾರುವುದು ಎಂದುಕೊಂಡಿದ್ದೆ. ದೆವ್ವಕ್ಕನಿಗೆ ಅದು ಕೇಳಿಯೇ ಬೇಸರವಾಗುತ್ತದೆ.

"ಮುಂದೆ ಬರೋನು ಎದೆ ಉಬ್ಬಿಸ್ಕೊಂಡು ಬರ್ತಾನೆ, ಅವನ ತಂಟೆಗೆ ಹೋಗ್ಬಾರ್ದು. ಕೊನೇಲಿರೋರ್ನ ಹಿಡೀಬೇಕು. ಅವರು ಕಿರುಚಿದ್ರೆ ಮುಂದಿನೋರು ತಾವೇ ಓಡ್ತಾರೆ. ಮೈ ಮುಟ್ಟೋ ಹಾಗಿಲ್ಲ. ಮಗು ಇದ್ರೆ ನಾನು ಗೋಡೆ ಕಡೆ ಮುಖ ಮಾಡ್ಕೊಂಡ್ಬಿಡ್ತೀನಿ. ಮಗು ಪಾಲಿಗೆ ನಾನು ಯಾರೋ ಅಜ್ಜಿ, ಪಾತ್ರೆ ತಿರುವ್ತಾ ಇದೀನಿ, ಅಷ್ಟೆ."

ಇಡೀ ಆಟ ನಿಂತಿರುವುದು ಆ ಬಾಗಿಲಿನ ಮೇಲೆ. ಜನ ಅಡುಗೆಮನೆಯೊಳಗೆ ಬರುತ್ತಾರೆ. ಒಲೆಯ ಹಿಂದೆ ಕೂತ ದೆವ್ವಕ್ಕ ಹಗ್ಗ ಎಳೆಯುತ್ತಾರೆ, ಬಂದವರ ಬೆನ್ನ ಹಿಂದೆ ಬಾಗಿಲು ಕಿರ್ರೆಂದು ಮುಚ್ಚಿಕೊಳ್ಳುತ್ತದೆ. ಎಲ್ಲರೂ ತಿರುಗಿ ಬಾಗಿಲು ನೋಡುತ್ತಾರೆ. ಮತ್ತೆ ಇತ್ತ ತಿರುಗುವಷ್ಟರಲ್ಲಿ, ಯಾರೂ ಇರದಿದ್ದ ಒಲೆಯ ಹಿಂದೆ ಇವರು ನಿಂತಿರುತ್ತಾರೆ. ಒಂದು ಮಾತಿಲ್ಲ, ಒಂದು ಹೆಜ್ಜೆಯಿಲ್ಲ.

ಸುಲಭವೇನಲ್ಲ. ಕುಕ್ಕರುಗಾಲಲ್ಲಿ ಕೂತೂ ಕೂತೂ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ರಜಾ ದಿನಗಳಲ್ಲಿ ನೂರಾರು ಸಲ ಕೂತು ಏಳಬೇಕು. ಹೆದರಿದವರೊಬ್ಬರ ಮೊಣಕೈ ತಗುಲಿ ಮುಂದಿನ ಹಲ್ಲು ಅರ್ಧ ಹೋಗಿದೆ. ("ಹಲ್ಲು ಹೋದ್ಮೇಲೆ ಇನ್ನೂ ಚೆನ್ನಾಗಿ ಹೆದರ್ತಾರೆ," ಎಂಬ ಸಮಾಧಾನ ಬೇರೆ.) ಮಗಳು ಚಿಕ್ಕವಳಿದ್ದಾಗ ಟೀಚರ್ "ನಿಮ್ಮಮ್ಮ ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದರಂತೆ. "ಹೆದರಿಸ್ತಾರೆ." "ಯಾರನ್ನ?" "ದುಡ್ಡು ಕೊಟ್ಟೋರ್ನ." ಇಡೀ ತರಗತಿ ನಕ್ಕಿತು, ಮಗಳು ಅತ್ತುಕೊಂಡು ಮನೆಗೆ ಬಂದಳು. ಮುಂದಿನ ಭಾನುವಾರ ತಾಯಿ ಅವಳ ಗೆಳತಿಯರನ್ನೆಲ್ಲ ಬಂಗಲೆಗೆ ಕರೆಸಿಕೊಂಡರು. ಆಮೇಲೆ ಯಾರೂ ನಗಲಿಲ್ಲ. ಈಗ ಬೇರೆ ಊರಿನಲ್ಲಿ ದಾದಿಯಾಗಿರುವ ಆ ಮಗಳೇ ದಿನಾ ಫೋನು ಮಾಡಿ ಕೇಳುತ್ತಾಳೆ, "ಅಮ್ಮಾ, ಇವತ್ತು ಎಷ್ಟು ಜನ ಕಿರುಚಿದ್ರು?"

ಹೊಸ ಜಾಗಕ್ಕೆ ಬಂದ ದಿನದಿಂದ ಆ ಪ್ರಶ್ನೆಗೆ ಉತ್ತರವಿಲ್ಲ. ಕಾರಣ ಗಂಡ ಹೆಂಡತಿ ಸೇರಿ ಮಾಡಿದ ಒಂದು ಎಡವಟ್ಟು.

"ಹೊಸ ಮನೆಗೆ ಹೋಗ್ತಿದೀವಿ, ಕೊಳಕು ಹೊತ್ಕೊಂಡು ಹೋಗೋದಾ ಅಂತ ನಾನು ಪರದೆ ಎಲ್ಲಾ ಒಗೆದೆ," ಎನ್ನುತ್ತಾರೆ ದೆವ್ವಕ್ಕ. "ಜೇಡರ ಬಲೆ ತೆಗೆದೆ. ಪಾತ್ರೆ ಫಳಫಳ ಅನ್ನೋ ಹಾಗೆ ತೊಳೆದೆ. ಇವರು ಹಲಗೆಗಳನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ್ರು, ಬಾಗಿಲ ಕೀಲಿಗೆ ಎಣ್ಣೆ ಬಿಟ್ರು. ಒಬ್ಬರ ಕೆಲಸ ನೋಡಿ ಒಬ್ಬರಿಗೆ ಏನು ಖುಷಿ ಅಂತೀರಿ!"

ಮೊದಲ ದಿನವೇ ಮಾನ ಹೋಯಿತು. ಬಾಗಿಲು ಬೆಣ್ಣೆಯಂತೆ ಸದ್ದಿಲ್ಲದೆ ಮುಚ್ಚಿತು, ಯಾರೂ ತಿರುಗಿ ನೋಡಲಿಲ್ಲ. ಮೊಣಕಾಲು ಹಿಡಿದುಕೊಂಡು ಒಲೆಯ ಹಿಂದಿನಿಂದ ಏಳುತ್ತಿರುವ ಹೆಂಗಸನ್ನು ಎಲ್ಲರೂ ನಿಂತು ನೋಡಿದರು. ಕಾಲೇಜು ಹುಡುಗನೊಬ್ಬ, "ನಮ್ಮನೆ ಅಡುಗೆಮನೆಗಿಂತ ಕ್ಲೀನಾಗಿದೆ," ಎಂದು ಹೊಗಳಿದ. ಇನ್ನೊಬ್ಬರು ಬಾತ್‌ರೂಮ್ ಎಲ್ಲಿ ಎಂದು ವಿಚಾರಿಸಿದರು. ದೆವ್ವಕ್ಕ ಬಿಳಿ ಬಣ್ಣ ಬಳಿದ ಮುಖದಲ್ಲೇ ದಾರಿ ತೋರಿಸಿ ಬಂದು, ಒಲೆಯ ಹಿಂದೆ ಕೂತು ಅತ್ತರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಬಡಗಿ.

ಅಂದಿನಿಂದ ದಿನಾ ಬೆಳಿಗ್ಗೆ, ಮಾಲ್ ತೆರೆಯುವ ಮುಂಚೆ, ಇಬ್ಬರೂ ಬಂದು ತೊಳೆದದ್ದನ್ನು ಮತ್ತೆ ಕೊಳಕು ಮಾಡುತ್ತಿದ್ದಾರೆ. ಪರದೆಗೆ ಚಹಾದ ನೀರು, ಪಾತ್ರೆಗೆ ಮಸಿ. ಎಲ್ಲವೂ ದಾರಿಗೆ ಬಂದಿದೆ. ಬಾಗಿಲು ಮಾತ್ರ ಬಾಯಿ ಬಿಡುತ್ತಿಲ್ಲ. ಎಣ್ಣೆ ಪೂರ್ತಿ ಹೋದರೂ ಕದ ಚೌಕಟ್ಟಿನಲ್ಲಿ ಕರಾರುವಾಕ್ಕಾಗಿ ಕೂತಿದೆ, ಹೊಸ ಜಾಗದಲ್ಲಿ ಬಡಗಿ ಅಷ್ಟು ನೇರವಾಗಿ ಕೂರಿಸಿದ್ದಾರೆ.

"ಮೇಲಿನ ಕೀಲಿನ ಒಂದು ಸ್ಕ್ರೂ ಬಿಚ್ಚಿ," ಎನ್ನುತ್ತಾರೆ ದೆವ್ವಕ್ಕ.

"ಬಾಗಿಲು ವಾಲತ್ತೆ ಕಣೇ."

"ವಾಲ್ಲಿ ಅಂತಾನೇ ಹೇಳ್ತಿರೋದು. ಕೆಳಗಿನ ಕೀಲು ಗಟ್ಟಿಯಾಗಿದೆಯಲ್ಲ, ಬೀಳಲ್ಲ."

"ನನ್ನ ಕೈಯಾರೆ ಮಾಡಿದ್ದನ್ನ ನನ್ನ ಕೈಯಿಂದ್ಲೇ ಕೆಡಿಸು ಅಂತೀಯ?"

ದೆವ್ವಕ್ಕ ಉಪಕರಣದ ಚೀಲವನ್ನು ಗಂಡನತ್ತ ತಳ್ಳುತ್ತಾರೆ. ಬಡಗಿ ಸ್ಕ್ರೂಡ್ರೈವರ್ ತೆಗೆದುಕೊಳ್ಳುತ್ತಾರೆ. ಒಂದೇ ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಅವರ ಹಣೆ ಬೆವರಿದೆ. ಬಿಚ್ಚಿದ್ದನ್ನು ಎಸೆಯದೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಾಗಿಲು ಕೂದಲೆಳೆಯಷ್ಟು ವಾಲುತ್ತದೆ. ದೆವ್ವಕ್ಕ ಒಲೆಯ ಹಿಂದೆ ಹೋಗಿ ಹಗ್ಗ ಎಳೆಯುತ್ತಾರೆ.

ಆ ಸದ್ದನ್ನು ನಾನು ಹೇಗೆ ಬರೆಯಲಿ? ನನ್ನ ಎಡತೋಳಿನಲ್ಲಿ ಅಕ್ಕನ ಉಗುರು ಮತ್ತೆ ಊರಿದಂತಾಯಿತು.

"ಹಾಂ," ಎಂದು ದೆವ್ವಕ್ಕ ಕಣ್ಣು ಮುಚ್ಚುತ್ತಾರೆ. "ಬಂತು."

ಮಧ್ಯಾಹ್ನದ ಹೊತ್ತಿಗೆ ಮಾಲ್ ಗಿಜಿಗುಡುತ್ತಿದೆ. ಯಜಮಾನರು ಬಂದಿದ್ದಾರೆ. ನಗುಮುಖದ ಮನುಷ್ಯ. ಚಿಕ್ಕಂದಿನಿಂದ ಬಂಗಲೆಯಲ್ಲೇ ಬೆಳೆದವರು, ಯಾವ ಮೂಲೆಯಲ್ಲಿ ಏನಿದೆ ಎಂಬುದು ಅವರಿಗೆ ಬಾಯಿಪಾಠ. "ನಂಗೂ ಇಷ್ಟ ಇಲ್ಲ ಮೇಡಂ," ಎನ್ನುತ್ತಾರೆ ನನ್ನ ಹತ್ತಿರ. "ಆದ್ರೆ ಜನ ನಗ್ತಾ ಹೊರಗೆ ಬಂದ್ರೆ ನಾನು ಬಂಗಲೆ ಬಾಗಿಲು ಹಾಕ್ಬೇಕಾಗತ್ತೆ." ಮುಂದೆ ಮೂವರು ಗೆಳೆಯರು, ಅವರ ಹಿಂದೆ ಪುಟ್ಟ ಮಗಳನ್ನು ಎತ್ತಿಕೊಂಡ ಒಬ್ಬ ತಂದೆ, ಆಮೇಲೆ ನಾನು, ಕೊನೆಗೆ ಯಜಮಾನರು. ಹೀಗೆ ಒಳಗೆ ಹೊಕ್ಕೆವು.

ಮೊದಲ ಕೋಣೆಯಲ್ಲಿ ಹೊಸ ಕರೆಂಟಿನ ಗೊಂಬೆಯಿದೆ. ಹತ್ತಿರ ಹೋದವರ ಮೇಲೆ ಅರಚುತ್ತಾ ಹಾರುವುದೇ ಅದರ ಕೆಲಸ. ಗೆಳೆಯರು ಜೋರಾಗಿ ನಕ್ಕು ಮುಂದೆ ಹೋದರು. ಆಮೇಲೆ ಗೊಂಬೆ ನೇರ ಮಗುವಿನ ಮುಖಕ್ಕೇ ಹಾರಿತು. ಮಗು ಉಸಿರು ಕಟ್ಟುವಂತೆ ಅತ್ತಿತು. ಅಪ್ಪ ಅದರ ತಲೆಯನ್ನು ಹೆಗಲಿಗೆ ಒತ್ತಿಕೊಂಡು ದಾಪುಗಾಲು ಹಾಕಿದ. ಯಜಮಾನರ ನಗುಮುಖ ಚಿಕ್ಕದಾಯಿತು.

ಅಡುಗೆಮನೆ. ಮಸಿ ಹಿಡಿದ ಪಾತ್ರೆಗಳು, ಕಂದು ಪರದೆ, ಒಂದು ಮಂಕು ದೀಪ. ಮಗುವಿನ ಬಿಕ್ಕು ಒಳಗೆ ಮೊದಲು ಹೊಕ್ಕಿತು. ನಾವು ಹೊಸ್ತಿಲು ದಾಟುವಾಗ ಒಲೆಯ ಹತ್ತಿರ ಯಾರೋ ಅಜ್ಜಿ ಗೋಡೆಗೆ ಮುಖ ಮಾಡಿ ಪಾತ್ರೆ ತಿರುವುತ್ತಿದ್ದರು. ಬೆನ್ನು ಮಾತ್ರ ಕಾಣುತ್ತದೆ. ಮಗು ಅಳು ನಿಲ್ಲಿಸಿ ಕತ್ತು ಚಾಚಿತು. "ಅಜ್ಜಿ," ಎಂದಿತು ಅಪ್ಪನಿಗೆ. ಸೌಟಿನ ಸದ್ದು ಸಣ್ಣಗೆ, ಒಂದೇ ಸಮ ಕೇಳುತ್ತಲೇ ಇತ್ತು. ಗೆಳೆಯರು ಅಡುಗೆಮನೆ ದಾಟಿ ಹೋದರು, ಅಪ್ಪ ಮಗಳೂ ಹೋದರು. ಸೌಟು ನಿಂತಿತು.

ಯಜಮಾನರು ನನ್ನ ಕಿವಿಯಲ್ಲಿ, "ಅಷ್ಟೇ ಅನ್ಸತ್ತೆ," ಎಂದರು. ಅವರ ದನಿಯಲ್ಲಿದ್ದದ್ದು ಬೇಸರವೇ.

ಕಿರ್ರ್ರ್.

ನಾವಿಬ್ಬರೂ ಗಕ್ಕನೆ ಹಿಂದೆ ತಿರುಗಿದೆವು. ಬಾಗಿಲು ಮುಚ್ಚಿದೆ, ಯಾರೂ ಇಲ್ಲ. ಮತ್ತೆ ಇತ್ತ ತಿರುಗಿದರೆ ಒಲೆಯ ಹತ್ತಿರವೂ ಯಾರೂ ಇಲ್ಲ. ಆ ಬೂದು ಅಂಗಿ, ಆ ಅರ್ಧ ಹಲ್ಲು, ಯಜಮಾನರಿಂದ ಮೊಳ ದೂರದಲ್ಲಿ, ಸುಮ್ಮನೆ ನಿಂತಿದೆ.

ಮೂಲೆ ಮೂಲೆ ಬಲ್ಲ ಯಜಮಾನರು ಮಾಲ್ ಕಿತ್ತುಹೋಗುವಂತೆ ಕಿರುಚಿ ನನ್ನ ತೋಳಿಗೆ ಜೋತುಬಿದ್ದರು. ನಾನೂ ಕಿರುಚಿದೆ, ಸುಳ್ಳೇಕೆ ಹೇಳಲಿ. ಮುಂದೆ ಹೋಗಿದ್ದ ಮೂವರು ಧೀರರು ಏನೆಂದು ತಿಳಿಯದೆಯೇ ಕಿರುಚಿಕೊಂಡು ಹೊರಗೆ ಓಡಿದರು.

ಹೊರಗೆ ಬಂದ ಯಜಮಾನರು ಇಂಗು ತಿಂದ ಮಂಗನಂತೆ ಸ್ವಲ್ಪ ಹೊತ್ತು ಕೂತರು. ಎರಡು ಲೋಟ ನೀರು ಕುಡಿದರು. ಆಮೇಲೆ ಮೇಲ್ವಿಚಾರಕನನ್ನು ಕರೆದು, "ಅಡುಗೆಮನೇಲಿ ಯಾರೂ ಕೈ ಹಾಕ್ಬೇಡಿ. ಆ ಗೊಂಬೆಗೂ ಒಬ್ಬರು ಸ್ವಿಚ್ ಹಿಡ್ಕೊಂಡು ಕೂತ್ಕೊಳ್ಳಿ. ಮಗು ಬಂದ್ರೆ ಸುಮ್ನಿರ್ಬೇಕು," ಎಂದರು. ಎದ್ದು ಹೋಗುವಾಗ ದೆವ್ವಕ್ಕನ ಎದುರು ನಿಂತು ತಲೆ ಬಗ್ಗಿಸಿದರು. "ನಮ್ಮಪ್ಪ ಪೊರಕೆ ಕಸ್ಕೊಂಡಿದ್ದು ಸುಮ್ನೆ ಅಲ್ಲ ಅಕ್ಕ."

ಬಿಳಿ ಬಣ್ಣದ ಮುಖದ ಮೇಲೆ ಎರಡು ಗೆರೆ ಇಳಿದವು. ದೆವ್ವಕ್ಕ ಒರೆಸಿಕೊಳ್ಳಲಿಲ್ಲ. ಇನ್ನೊಂದು ಗುಂಪು ಕಾಯುತ್ತಿದೆ. "ಮಗಳು ಫೋನ್ ಮಾಡಿದ್ರೆ ಹೇಳ್ಬಿಡಿ," ಎಂದು ಗಂಡನಿಗೆ ಹೇಳಿ, ಮೊಣಕಾಲು ನೀವಿಕೊಳ್ಳುತ್ತಾ ಒಳಗೆ ಹೋದರು.

ಬಡಗಿ ಪರದೆಯ ಹೊರಗೆ ಕೈಕಟ್ಟಿ ನಿಂತಿದ್ದಾರೆ. ಒಳಗಿನಿಂದ ಮತ್ತೆ ಆ ಸದ್ದು. ಅದರ ಹಿಂದೆಯೇ ಕಿರುಚಾಟ. ಚಪ್ಪಲಿ ಅಂಗಡಿಯ ಮುಂದಿದ್ದವರೊಬ್ಬರು ಬೆಚ್ಚಿ, "ಅಯ್ಯೋ ದೇವರೇ, ಯಾವ ಪುಣ್ಯಾತ್ಮ ಮಾಡಿದ ಬಾಗಿಲಪ್ಪಾ ಇದು!" ಎಂದರು.

ಬಡಗಿ ಜೇಬಿಗೆ ಕೈ ಹಾಕಿ ಸ್ಕ್ರೂ ಮುಟ್ಟಿ ನೋಡಿಕೊಂಡರು. ನನ್ನತ್ತ ತಿರುಗಿದರು.

"ಬರ್ಕೊಳ್ಳಿ ಮೇಡಂ. ಆ ಬಾಗಿಲು ನಂದು."